ಬೀಜದ ಹೋರಿ ಆರಿಸುವುದು ಹೇಗೆ: ಹಳ್ಳಿಕಾರ್ ಸಾಕುವವರಿಗೆ ಒಂದು ಮಾರ್ಗದರ್ಶಿ

ಒಂದು ಹಸು ಮಂದೆಗೆ ಕೊಡುವುದು ಒಂದೂಕಾಲು ವರ್ಷಕ್ಕೆ ಒಂದು ಕರು. ಇಪ್ಪತ್ತೈದು ಹಸುಗಳ ನಡುವೆ ಬಿಟ್ಟ ಒಳ್ಳೆಯ ಹೋರಿ ಅದೇ ಅವಧಿಯಲ್ಲಿ ಇಪ್ಪತ್ತರ ಆಸುಪಾಸು ಕರುಗಳಿಗೆ ಅಪ್ಪನಾಗಿರುತ್ತದೆ. ಹಸು ಆರಿಸುವಾಗ ಕಣ್ತಪ್ಪಿದರೆ ನಷ್ಟ ಒಂದು ಗೂಟದ್ದು. ಹೋರಿ ಆರಿಸುವಾಗ ತಪ್ಪಿದರೆ ಕೊಟ್ಟಿಗೆಯ ಒಂದು ತಲೆಮಾರೇ ಕೆಡುತ್ತದೆ. ಆದರೂ ಘಾಟಿ, ಸಿದ್ಧಗಂಗೆ, ಚುಂಚನಕಟ್ಟೆ, ಮುಡುಕುತೊರೆ ಜಾತ್ರೆಗಳಲ್ಲಿ ಹೋರಿ ನೋಡುವವರ ಕಣ್ಣು ಮೊದಲು ಕೊಂಬಿಗೆ ಹೋಗುತ್ತದೆ, ಆಮೇಲೆ ಬಣ್ಣಕ್ಕೆ, ಆಮೇಲೆ ಸುಳಿಗೆ. ಜೋಡೆತ್ತು ಕಟ್ಟುವವರಿಗೆ ಅದು ಸರಿ. ಬೀಜಕ್ಕೆಂದು ಕೊಳ್ಳುವವರು ಈ ಸಾಲನ್ನು ತಿರುವು ಹಾಕಬೇಕು: ಮೊದಲು ತಾಯಿ, ನಂತರ ಬೀಜ ಮತ್ತು ಕಾಲು, ನಂತರ ರಕ್ತಪರೀಕ್ಷೆ, ಕಟ್ಟಕಡೆಗೆ ಕೊಂಬು.

ಇಲ್ಲಿನ ಲೆಕ್ಕಗಳನ್ನು ಹಳೇ ಮೈಸೂರು ಸೀಮೆಯ ಹಳ್ಳಿಕಾರ್ ತಳಿಯನ್ನು ಮುಂದಿಟ್ಟುಕೊಂಡು ಕೊಟ್ಟಿದೆ. ಅಮೃತಮಹಲ್, ಖಿಲಾರಿ ಸಾಕುವವರಿಗೂ ಬಹುಪಾಲು ಹೊಂದುತ್ತವೆ.

ಮೊದಲಿಗೆ: ಹೋರಿ ಬೇಕೇ ಬೇಕೇ?

ಮನೆಯಲ್ಲಿ ಎರಡೋ ಮೂರೋ ಹಸು ಇದ್ದರೆ ಬೀಜದ ಹೋರಿ ಸಾಕುವುದು ದುಡ್ಡಿಗೆ ದಂಡ. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಗೆ ಹಳ್ಳಿಕಾರ್ ವೀರ್ಯದ ಕಡ್ಡಿ ಸಿಗುವುದಾದರೆ ಅದನ್ನೇ ಕೊಡಿಸಿ. ಎಚ್‌ಎಫ್, ಜೆರ್ಸಿ ಮಿಶ್ರತಳಿ ಹಸುಗಳಿಗಂತೂ ಹೋರಿಯ ಮಾತೇ ಬೇಡ. ಹಾಲಿನ ದಾಖಲೆಯಿರುವ ಹೋರಿಯ ವೀರ್ಯ ಕಡ್ಡಿಯಲ್ಲಿ ಸಿಗುವಾಗ, ಬೀದಿಯ ಮಿಶ್ರತಳಿ ಹೋರಿಗೆ ಬಿಡುವುದು ಸಿಕ್ಕಿದ ಹಾಲನ್ನೂ ಕಳೆದುಕೊಳ್ಳುವ ದಾರಿ.

ಹೋರಿ ಬೇಕಾಗುವುದು ಹದಿನೈದಕ್ಕಿಂತ ಹೆಚ್ಚು ನಾಟಿ ಹಸು ಮೇಯಲು ಬಿಡುವವರಿಗೆ, ಅಥವಾ ಊರಿನ ಹತ್ತಾರು ಮನೆ ಕೂಡಿ ಒಂದನ್ನು ಸಾಕುವಲ್ಲಿಗೆ. ನಾಟಿ ಹಸುಗಳ ಬೆದೆ ಬೇಗ ಮುಗಿಯುತ್ತದೆ, ಸದ್ದಿಲ್ಲದೆಯೂ ಬಂದು ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿ ಅವರು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅಂಥ ಬೆದೆಯನ್ನು ಹೋರಿಯಷ್ಟು ಚೆನ್ನಾಗಿ ಹಿಡಿಯುವವರಿಲ್ಲ.

ತಾಯಿಯನ್ನು ನೋಡದೆ ಬೆಲೆ ಮಾತಾಡಬೇಡಿ

ಜಾತ್ರೆಯಲ್ಲಿ ಹೋರಿ ಸಿಗುತ್ತದೆ, ತಾಯಿ ಸಿಗುವುದಿಲ್ಲ. ಆದ್ದರಿಂದ ಜಾತ್ರೆಯಲ್ಲಿ ಮೆಚ್ಚಿದರೂ ವ್ಯಾಪಾರ ಅಲ್ಲೇ ಮುಗಿಸದೆ ಮಾರುವವರ ಊರಿಗೆ ಹೋಗಿ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿಗೆ ಇದು ಹಿಡಿಸುವುದಿಲ್ಲ, ಇರಲಿ. ಕೊಟ್ಟಿಗೆಯಲ್ಲಿ ಕೇಳಬೇಕಾದ್ದು ಇಷ್ಟು:

- ತಾಯಿ ಮೊದಲ ಕರು ಹಾಕಿದ್ದು ಎಷ್ಟನೆಯ ವರ್ಷಕ್ಕೆ? ಹಳ್ಳಿಕಾರಿನಲ್ಲಿ ನಾಲ್ಕು ವರ್ಷದೊಳಗಾದರೆ ಒಳ್ಳೆಯದು.
- ಕರುವಿನಿಂದ ಕರುವಿಗೆ ಎಷ್ಟು ತಿಂಗಳು? 15 ತಿಂಗಳೊಳಗೆ ಮತ್ತೆ ಕರು ಹಾಕುವ ಹಸುವಿನ ಮಗನನ್ನು ಹಿಡಿಯಿರಿ. ಎರಡು ವರ್ಷಕ್ಕೊಮ್ಮೆ ಕರು ಹಾಕುವ ಹಸುವಿನ ಮಗ ಎಷ್ಟೇ ಚೆಲುವಾಗಿದ್ದರೂ ಬಿಟ್ಟುಬಿಡಿ.
- ಕರು ಹೊಟ್ಟೆ ತುಂಬ ಕುಡಿದ ಮೇಲೂ ಮನೆಗೆ ಹಾಲು ಮಿಗುತ್ತದೆಯೇ? ಕೆಲಸಕ್ಕೆಂದೇ ಬೆಳೆಸಿದ ತಳಿ ಇದು. ದಿನಕ್ಕೆ ಎರಡು ಲೀಟರು ಕರೆದರೆ ಸಾಕು. ಆದರೆ ಕರುವನ್ನೇ ಸಾಕಲಾಗದ ತಾಯಿ ಬೇಡ.
- ಕೆಚ್ಚಲು ಹೇಗಿದೆ, ನಾಲ್ಕೂ ಮೊಲೆ ಸಮವಿದೆಯೇ, ಕರೆಯುವಾಗ ಒದೆಯುತ್ತದೆಯೇ?
- ಕಂದು ಹಾಕಿದ್ದಿದೆಯೇ, ಅಂದರೆ ಗಬ್ಬ ಇಳಿದದ್ದಿದೆಯೇ? ಐದನೆಯ ತಿಂಗಳ ನಂತರ ಕಂದು ಹಾಕಿದ ಕೊಟ್ಟಿಗೆಯಾದರೆ ಅಲ್ಲಿಂದ ಯಾವ ರಾಸೂ ತರಬೇಡಿ.

ಅದೇ ತಾಯಿಯ ಬೇರೆ ಕರುಗಳಿದ್ದರೆ ಅವನ್ನೂ ನೋಡಿ. ಒಂದು ಕರು ಚೆನ್ನಾಗಿ ಬಂದಿರುವುದು ಅದೃಷ್ಟವಿರಬಹುದು. ಮೂರು ಕರು ಒಂದೇ ಅಚ್ಚಿನಲ್ಲಿ ಬಂದಿದ್ದರೆ ಅದು ತಳಿಯ ಗುಣ. ಕಿವಿಯಲ್ಲಿ ಓಲೆಯಿದ್ದರೆ ಅದರ 12 ಅಂಕಿಯ ಸಂಖ್ಯೆ ಬರೆದುಕೊಂಡು, ಯಾವ ಲಸಿಕೆ ಯಾವಾಗ ಬಿದ್ದಿದೆ ಎಂದು ನಿಮ್ಮ ಪಶು ಆಸ್ಪತ್ರೆಯಲ್ಲಿ ತೆಗೆಸಿ ನೋಡಿ.

ವಯಸ್ಸು: ಮಾತಲ್ಲ, ಹಲ್ಲು

ದನಕ್ಕೆ ಮುಂಬಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ನಾಟಿ ತಳಿಗಳಲ್ಲಿ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಹಲ್ಲು ಬರುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲು ಮೂರರ ಹೊತ್ತಿಗೆ, ಆರು ಹಲ್ಲು ಮೂರೂವರೆಯ ಆಸುಪಾಸಿಗೆ. ಎಂಟೂ ಹಲ್ಲು ಬಂದು ಬಾಯಿಗೂಡುವುದು ನಾಲ್ಕರಿಂದ ನಾಲ್ಕೂವರೆಗೆ. ಮೇವಿನ ಮೇಲೆ ಇದು ಆರು ತಿಂಗಳು ಹಿಂದೆ ಮುಂದೆ ಆಗುತ್ತದೆ.

ಕೊಳ್ಳಲು ಒಳ್ಳೆಯ ಹೊತ್ತು ಎರಡು ಹಲ್ಲಿನಿಂದ ನಾಲ್ಕು ಹಲ್ಲು. ಹಲ್ಲಾಗದ ಹೋರಿಕರು ಅಗ್ಗ, ಆದರೆ ಅದರ ಬೀಜ ಬಲಿತಿರುವುದಿಲ್ಲವಾದ್ದರಿಂದ ಪರೀಕ್ಷಿಸಲಾಗದು. ಬಾಯಿಗೂಡಿ ವರ್ಷಗಳಾದ ಹೋರಿಯನ್ನು ಯಾರಾದರೂ ಮಾರುತ್ತಿದ್ದಾರೆ ಎಂದರೆ ಏಕೆ ಎಂದು ಕೇಳಿ. "ಮಗಳಂದಿರು ಬೆದೆಗೆ ಬಂದರು, ಅದಕ್ಕೇ ಮಾರ್ತಿದೀವಿ" ಎಂಬುದು ಒಪ್ಪುವ ಉತ್ತರ. ಅಂಥ ಹೋರಿಗೆ ಒಂದು ದೊಡ್ಡ ಲಾಭವೂ ಉಂಟು, ಅದರ ಕರುಗಳು ಕಣ್ಣೆದುರಿಗೇ ಇರುತ್ತವೆ. ಉತ್ತರ ತಡವರಿಸಿದರೆ ಹಿಂದಿರುಗಿ. ವಯಸ್ಸು ಮರೆಸಲು ಹಲ್ಲು ಅರ ಹಾಕಿ ಉಜ್ಜುವವರೂ ಇದ್ದಾರೆ. ಎಂಟೂ ಹಲ್ಲು ಅಗಲವಾಗಿದ್ದು ಎತ್ತರ ಮಾತ್ರ ಗೀಟು ಎಳೆದಂತೆ ಸಮವಿದ್ದರೆ ಅನುಮಾನಿಸಿ.

ಬೀಜ: ಕೈ ಹಾಕಿ ನೋಡಲೇಬೇಕಾದ ಜಾಗ

ಹೆಚ್ಚಿನವರು ನಾಚಿಕೆಗೋ ಒದೆಯ ಭಯಕ್ಕೋ ಇದನ್ನು ಬಿಟ್ಟುಬಿಡುತ್ತಾರೆ. ಹೋರಿಯನ್ನು ತ್ರಾವಿಸಿನಲ್ಲಿ (ರಾಸು ನಿಲ್ಲಿಸಿ ಕಟ್ಟುವ ಚೌಕಟ್ಟು), ಅದಿಲ್ಲದಿದ್ದರೆ ಎರಡು ಮರಗಳ ನಡುವೆ ಬಿಗಿಯಾಗಿ ಕಟ್ಟಿಸಿ, ಒಬ್ಬರು ಬಾಲ ಎತ್ತಿ ಹಿಡಿಯಲಿ. ಬೆಳಗಿನ ಚಳಿಯಲ್ಲಿ ಚೀಲ ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಬಿಸಿಲು ಸ್ವಲ್ಪ ಏರಿದ ಮೇಲೆ ನೋಡಿ.

ಎರಡು ಬೀಜವೂ ಪೂರ್ತಿ ಕೆಳಗಿಳಿದು, ಹೆಚ್ಚೂಕಡಿಮೆ ಒಂದೇ ಗಾತ್ರದಲ್ಲಿರಬೇಕು. ಒಂದು ಹೊಟ್ಟೆಯೊಳಗೇ ಉಳಿದಿರುವ ಹೋರಿ ಹಸುವನ್ನು ಹಾರಬಲ್ಲದು, ಗಬ್ಬವೂ ಕಟ್ಟಿಸಬಲ್ಲದು. ಆದರೆ ಆ ದೋಷ ಗಂಡುಕರುಗಳಿಗೆ ಇಳಿಯುತ್ತದೆ. ಮುಟ್ಟಿದರೆ ಬೀಜ ಗಟ್ಟಿಯಾಗಿ, ಸ್ವಲ್ಪ ಪುಟಿಯುವಂತೆ ಇರಬೇಕು. ಮೆತ್ತಗೆ ಹಿಟ್ಟಿನಂತಿದ್ದರೆ ವೀರ್ಯ ಕಡಿಮೆ. ಕಲ್ಲಿನಂತೆ ಗಟ್ಟಿ, ಬಿಸಿ ಅಥವಾ ನೋವಿದ್ದರೆ ಬಾವು, ಅದಕ್ಕೆ ಹಸುಗಳಿಗೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗವೂ ಕಾರಣವಿರಬಹುದು. ಬೀಜದ ತಳದಲ್ಲಿ ಕೈಗೆ ಸಿಗುವ ಸಣ್ಣ ಗಂಟನ್ನು ರೋಗವೆಂದುಕೊಂಡು ಒಳ್ಳೆಯ ಹೋರಿ ಬಿಟ್ಟವರುಂಟು. ಅದು ವೀರ್ಯ ಶೇಖರವಾಗುವ ಜಾಗ, ಎರಡೂ ಕಡೆ ಇರಬೇಕು.

ಚೀಲದ ಕತ್ತು ಸಣ್ಣಗಿದ್ದು ಬೀಜಗಳು ಕೆಳಗೆ ತೂಗುತ್ತಿರಲಿ. ವೀರ್ಯ ಹುಟ್ಟಲು ಬೀಜ ಮೈಬಿಸಿಗಿಂತ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ತಣ್ಣಗಿರಬೇಕು. ಜಾತ್ರೆಗೆಂದು ತಿನ್ನಿಸಿ ತಿನ್ನಿಸಿ ಕೊಬ್ಬಿಸಿದ ಹೋರಿಯಲ್ಲಿ ಚೀಲದ ಕತ್ತಿಗೂ ಕೊಬ್ಬು ತುಂಬಿ ಆ ತಂಪು ಸಿಗುವುದಿಲ್ಲ. ಬಹುಮಾನ ಗೆದ್ದ ಹೋರಿ ಗಬ್ಬ ಕಟ್ಟಿಸದಿರುವುದಕ್ಕೆ ಇದೂ ಒಂದು ಕಾರಣ.

ಅಳತೆ ಹೀಗೆ: ಬೀಜಗಳನ್ನು ಮೆಲ್ಲಗೆ ಚೀಲದ ತಳಕ್ಕೆ ಒತ್ತಿ ಹಿಡಿದು, ಅತಿ ದಪ್ಪವಿರುವಲ್ಲಿ ದರ್ಜಿ ಟೇಪು ಸುತ್ತಿ. ವಿದೇಶಿ ತಳಿಗಳಿಗೆ ಎರಡು ವರ್ಷ ದಾಟಿದ ಮೇಲೆ ಕನಿಷ್ಠ 34 ಸೆಂಟಿಮೀಟರ್ ಬೇಕೆಂಬ ಲೆಕ್ಕವಿದೆ. ಹಿಣಿಲಿರುವ ನಮ್ಮ ತಳಿಗಳು ತಡವಾಗಿ ಬಲಿಯುತ್ತವೆ, ಮೈಯೂ ಸಣ್ಣದು. ಆ ಅಳತೆಗೋಲು ಇಟ್ಟರೆ ಒಳ್ಳೆಯ ಹಳ್ಳಿಕಾರ್ ಹೋರಿಗಳೂ ಸೋಲುತ್ತವೆ. ಬದಲಿಗೆ ಒಂದೇ ವಯಸ್ಸಿನ, ಒಂದೇ ಬಗೆಯ ಮೇವು ತಿಂದ ನಾಲ್ಕೈದು ಹೋರಿಗಳನ್ನು ಅಳೆದು, ಹೆಚ್ಚು ಸುತ್ತಳತೆಯದನ್ನು ಆರಿಸಿ. ಸುತ್ತಳತೆ ಹೆಚ್ಚಿದ್ದರೆ ವೀರ್ಯವೂ ಹೆಚ್ಚು, ಅದರ ಹೆಣ್ಣುಕರುಗಳು ಬೇಗ ಬೆದೆಗೆ ಬರುವ ಸಂಭವವೂ ಹೆಚ್ಚು.

ಶಿಶ್ನವಿರುವ ತೊಗಲಿನ ಚೀಲ ಹಳ್ಳಿಕಾರಿನಲ್ಲಿ ಹೊಟ್ಟೆಗೆ ಅಂಟಿಕೊಂಡು ಚಿಕ್ಕದಾಗಿರುತ್ತದೆ. ಜೋತು ಬಿದ್ದಿದ್ದರೆ ಕುರುಚಲು ಗಿಡದಲ್ಲಿ ಮೇಯುವಾಗ ಮುಳ್ಳು ತಗುಲಿ ಹುಣ್ಣಾಗುತ್ತದೆ. ತಳಿ ಬೆರಕೆಯ ಗುರುತೂ ಆಗಿರಬಹುದು.

ಕಾಲು ಮತ್ತು ನಡಿಗೆ

ಹಾರುವಾಗ ಹೋರಿಯ ಭಾರವೆಲ್ಲ ಹಿಂಗಾಲಿನ ಮೇಲೆ. ಬೆಳೆದ ಹಳ್ಳಿಕಾರ್ ಹೋರಿ ಸುಮಾರು 340 ಕಿಲೋ ತೂಗುತ್ತದೆ. ಹಿಂಗಾಲು ಕಂಬದಂತೆ ನೆಟ್ಟಗಿದ್ದರೆ ಕೀಲು ಬೇಗ ಸವೆಯುತ್ತದೆ. ಕುಡುಗೋಲಿನಂತೆ ತೀರಾ ಬಾಗಿದ್ದರೆ ಹಿಮ್ಮಡಿ ಕುಸಿಯುತ್ತದೆ. ಹಿಂದಿನಿಂದ ನೋಡಿದಾಗ ಕೀಲುಗಳು ಒಂದಕ್ಕೊಂದು ಉಜ್ಜಬಾರದು.

ಹೋರಿಯನ್ನು ಒದ್ದೆ ಮಣ್ಣಿನ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ ಗುರುತು ನೋಡಿ. ಹಿಂಗಾಲು ಮುಂಗಾಲಿನ ಗುರುತಿನ ಮೇಲೋ ತುಸು ಮುಂದೋ ಬೀಳಬೇಕು. ಹಿಂದೆಯೇ ಬೀಳುತ್ತಿದ್ದರೆ ಸೊಂಟದಲ್ಲೋ ಕೀಲಿನಲ್ಲೋ ನೋವಿದೆ. ಗೊರಸು ಕಪ್ಪಗೆ, ಗಟ್ಟಿಯಾಗಿ, ಎರಡೂ ಸೀಳು ಸಮನಾಗಿರಲಿ. ಕಲ್ಲುನೆಲದಲ್ಲಿ ಗಾಡಿ ಎಳೆಯುವ ತಳಿಗೆ ಗೊರಸೇ ಆಸ್ತಿ.

ಸುಳಿ, ಕೊಂಬು, ಬಣ್ಣ

ಬೂದು ಇಲ್ಲವೇ ಗಾಢ ಬೂದು ಬಣ್ಣ, ಉದ್ದನೆಯ ಸಣ್ಣ ಮುಖ, ನಡುವೆ ಗೀರಿರುವ ಉಬ್ಬು ಹಣೆ, ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ಕೊಂಬು, ತೆಳುವಾದ ಗಂಗೆದೊಗಲು, ಕಪ್ಪು ಕುಚ್ಚಿನ ಸಣ್ಣ ಬಾಲ: ಹಳ್ಳಿಕಾರ್ ಎನ್ನಲು ಇವು ಬೇಕು. ಆದರೆ ಕೊಂಬು ಹೆರೆಸಿ ಸಮ ಮಾಡಿಸುವುದು, ಎಣ್ಣೆ ಹಚ್ಚಿ ಕಪ್ಪಾಗಿಸುವುದು ಜಾತ್ರೆಯ ಮಾಮೂಲು. ಹೆರೆದ ಕೊಂಬಿನ ಬುಡದ ಉಂಗುರಗಳು ಮಾಸಿರುತ್ತವೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಹೆರೆದ ಕೊಂಬಿನ ಚಂದ ಕರುವಿಗೆ ಬರುವುದಿಲ್ಲ.

ಸುಳಿಯ ವಿಚಾರ ನೇರವಾಗಿ ಹೇಳುವುದಾದರೆ, ಸುಳಿಗೂ ಬೀಜದ ಗುಣಕ್ಕೂ ಸಂಬಂಧವಿಲ್ಲ. ಆದರೆ ಜನ ಕೆಟ್ಟದೆಂದು ನಂಬುವ ಸುಳಿಯಿರುವ ಗಂಡುಕರುವಿನ ಬೆಲೆ ಸಂತೆಯಲ್ಲಿ ಇಳಿಯುವುದು ನಿಜ. ಎತ್ತು ಮಾರಿ ಬದುಕುವವರು ಆ ಲೆಕ್ಕವನ್ನು ಇಟ್ಟುಕೊಳ್ಳಲಿ. ಮನೆಗೆ ಮಾತ್ರ ಸಾಕುವವರಿಗೆ ಇಂಥ ಹೋರಿ ಅಗ್ಗಕ್ಕೆ ಸಿಗುವ ಒಳ್ಳೆಯ ಮಾಲು.

ಸ್ವಭಾವ ಮಾತ್ರ ಇಳಿದು ಬರುವಂಥದ್ದು. ಹಳ್ಳಿಕಾರ್ ಚುರುಕು, ತುಸು ಬೆದರು ಸ್ವಭಾವದ್ದು, ಅದು ದೋಷವಲ್ಲ. ಮೂಗುದಾರ ಹಿಡಿದವನ ಮೇಲೇ ಬರುವ ಹೋರಿ ಬೇಡ.

ಹಾರಿಸಿ ನೋಡುವುದು, ಪರೀಕ್ಷೆ ಮಾಡಿಸುವುದು

ಬೀಜ ದೊಡ್ಡದಿದ್ದ ಮಾತ್ರಕ್ಕೆ ಹಾರುವ ಆಸೆ ಇರುತ್ತದೆ ಎಂದಲ್ಲ, ಹಾರುವ ಹೋರಿಯ ವೀರ್ಯ ಚೆನ್ನಾಗಿರುತ್ತದೆ ಎಂದೂ ಅಲ್ಲ. ಮೂರನ್ನೂ ಬೇರೆ ಬೇರೆ ನೋಡಬೇಕು. ಬೆದೆಗೆ ಬಂದ ಹಸುವಿನ ಹತ್ತಿರ ಬಿಟ್ಟು, ಎಷ್ಟು ಹೊತ್ತಿಗೆ ಹಾರುತ್ತದೆ, ಶಿಶ್ನ ನೇರವಾಗಿ ಹೊರಬರುತ್ತದೆಯೇ, ಅದರ ಮೇಲೆ ನರಹುಲಿ, ಗಾಯ ಇದೆಯೇ, ಕೊನೆಯ ನೂಕು ಕೊಡುತ್ತದೆಯೇ ಎಂದು ಗಮನಿಸಿ. ಈ ಪರೀಕ್ಷೆಗೆ ಮಾರುವವರ ಹಸುವೇ ಇರಲಿ; ರೋಗಪರೀಕ್ಷೆಗೆ ಮುಂಚೆ ನಿಮ್ಮ ಹಸುವನ್ನು ಒಯ್ಯಬೇಡಿ.

ವೀರ್ಯ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ಆಗುವುದಿಲ್ಲ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಂಥ ಪಶುವೈದ್ಯ ಕಾಲೇಜುಗಳಲ್ಲಿ ವಿಚಾರಿಸಿ. ಮುಂದಕ್ಕೆ ಈಜುವ ವೀರ್ಯಾಣು ಕನಿಷ್ಠ ಶೇ 30, ಆಕಾರ ಸರಿಯಿರುವವು ಕನಿಷ್ಠ ಶೇ 70 ಇರಬೇಕು. ತಿಂಗಳುಗಟ್ಟಲೆ ಹಾರಿಸದ ಹೋರಿಯ ಮೊದಲ ವೀರ್ಯದಲ್ಲಿ ಸತ್ತ ವೀರ್ಯಾಣುಗಳೇ ತುಂಬಿರುತ್ತವೆ. ಎರಡನೆಯ ಸಲ ತೆಗೆದದ್ದನ್ನು ನೋಡಿ ತೀರ್ಮಾನಿಸಿ.

ರೋಗಗಳಲ್ಲಿ ಮೊದಲು ಬ್ರುಸೆಲ್ಲಾ, ನಂತರ ಕ್ಷಯ ಮತ್ತು ಭೇದಿ ನಿಲ್ಲದೆ ರಾಸು ಸೊರಗುವ ಜೋನ್ಸ್ ರೋಗ. ಬ್ರುಸೆಲ್ಲಾ ಮನುಷ್ಯರಿಗೂ ಹರಡುತ್ತದೆ, ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಇದರ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ. ಹೋರಿಗೆ ಹಾಕಿಸಿದರೆ ಬೀಜವೇ ಬಾತುಕೊಳ್ಳಬಹುದು. ಈಗಾಗಲೇ ಹಸುಗಳ ಮೇಲೆ ಬಿಟ್ಟಿರುವ ಹೋರಿಯಾದರೆ ಟ್ರೈಕೊಮೊನಾಸ್, ಕ್ಯಾಂಪಿಲೊಬ್ಯಾಕ್ಟರ್ ಪರೀಕ್ಷೆಗೂ ಹೇಳಿ. ಇವು ಶಿಶ್ನದ ತೊಗಲಿನ ಮಡಿಕೆಗಳಲ್ಲಿ ವರ್ಷಗಟ್ಟಲೆ ಅಡಗಿರುತ್ತವೆ, ಹೋರಿಗೆ ಏನೂ ಆಗುವುದಿಲ್ಲ, ಹಸುಗಳು ಮಾತ್ರ ಗಬ್ಬ ನಿಲ್ಲುವುದಿಲ್ಲ. ರಕ್ತದಲ್ಲಿ ಸಿಗುವುದಿಲ್ಲವಾದ್ದರಿಂದ ಡಾಕ್ಟರು ಆ ಚೀಲವನ್ನು ತೊಳೆದು ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು.

ಮನೆಗೆ ತಂದ ಮೊದಲ ತಿಂಗಳು

ಕನಿಷ್ಠ 30 ದಿನ ಬೇರೆ ಕಟ್ಟಿ. ಬೇರೆ ನೀರಿನ ತೊಟ್ಟಿ, ಬೇರೆ ಮೇವಿನ ಜಾಗ. ಜಂತಿನ ಔಷಧಿ ಕುಡಿಸಿ, ಮೈಗೆ ಕಚ್ಚಿದ ಉಣ್ಣೆಹುಳು ತೆಗೆಸಿ, ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಾಗಿದ್ದರೆ ಮತ್ತೆ ಹಾಕಿಸಿ. ತಿಂಗಳ ಕೊನೆಗೆ ಬ್ರುಸೆಲ್ಲಾ ಪರೀಕ್ಷೆ ಇನ್ನೊಮ್ಮೆ. ಹೊಸದಾಗಿ ತಗುಲಿದ ರೋಗ ಮೊದಲ ಪರೀಕ್ಷೆಯಲ್ಲಿ ತಪ್ಪಿಸಿಕೊಂಡಿರಬಹುದು.

350 ಕಿಲೋ ಹೋರಿಗೆ ದಿನಕ್ಕೆ ರಾಗಿ ಹುಲ್ಲು 4 ಕಿಲೋ, ಹಸಿ ಮೇವು 15ರಿಂದ 20 ಕಿಲೋ, ಬೂಸ-ಹಿಂಡಿ-ಹುರುಳಿ ನುಚ್ಚು ಸೇರಿ ಒಂದೂವರೆಯಿಂದ ಎರಡು ಕಿಲೋ, ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ ಸಾಕು. ಬೆಣ್ಣೆ, ಮೊಟ್ಟೆ ತಿನ್ನಿಸುವುದು ಮೈಮಿಂಚಿಗೆ, ಬೀಜಕ್ಕಲ್ಲ. ಹತ್ತಿಬೀಜದ ಹಿಂಡಿ ಹೋರಿಗೆ ಬೇಡ. ಅದರಲ್ಲಿರುವ ಗಾಸಿಪಾಲ್ ವೀರ್ಯ ಕೆಡಿಸುತ್ತದೆ. ಕಡಲೆಕಾಯಿ ಹಿಂಡಿ ಹಾಕಿ, ಬೂಷ್ಟು ಹಿಡಿದದ್ದಾದರೆ ಅದನ್ನೂ ಬಿಡಿ. ಕೊನೆಯ ಎರಡು ಪಕ್ಕೆಲುಬು ತೆಳ್ಳಗೆ ಕಾಣುವಷ್ಟು ಮೈ ಇರಲಿ. ದಿನಕ್ಕೆ ಒಂದು ಗಂಟೆ ನಡಿಗೆಯೋ ಹಗುರವಾದ ಗಾಡಿ ಕೆಲಸವೋ ಇರಬೇಕು, ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೇಡ.

ಹಾರಿಸುವ ಲೆಕ್ಕ

ಎರಡೂವರೆ ವರ್ಷದ ಹೊತ್ತಿಗೆ ಶುರು ಮಾಡಿದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಬಾಯಿಗೂಡಿದ ಮೇಲೆ ವಾರಕ್ಕೆ ಮೂರು ನಾಲ್ಕು. ಮಂದೆಯಲ್ಲೇ ಬಿಡುವುದಾದರೆ ಎಳೆ ಹೋರಿಗೆ 10ರಿಂದ 15 ಹಸು, ಬೆಳೆದದ್ದಕ್ಕೆ 25ರಿಂದ 30. ಒಂದೇ ಮಂದೆಗೆ ಎರಡು ಹೋರಿ ಬಿಡಬೇಡಿ. ಬಲವಾದದ್ದು ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ; ಆ ಬಲವಾದದ್ದರ ವೀರ್ಯ ಕೆಟ್ಟಿದ್ದರೆ ಇಡೀ ವರ್ಷ ಹೋಯಿತು.

ಮೊದಲ ಸಲ ಒಂದೆರಡು ಕರು ಹಾಕಿದ ಶಾಂತ ಹಸುವಿನ ಮೇಲೆ ಬಿಡಿ. ನೆಲ ಮಣ್ಣಿನದಿರಲಿ. ಸಿಮೆಂಟ್ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡ ಹೋರಿ ಮತ್ತೆ ಹಾರುವುದಿಲ್ಲ. ಹಸು ಅಲುಗದೆ ನಿಲ್ಲುವಾಗ ಒಮ್ಮೆ, ಹತ್ತು ಹನ್ನೆರಡು ಗಂಟೆಯ ಮೇಲೂ ನಿಲ್ಲುತ್ತಿದ್ದರೆ ಇನ್ನೊಮ್ಮೆ ಹಾರಿಸಿ. ಮಲೆನಾಡು ಗಿಡ್ಡದ ಕಡಸಿಗೆ ಹಳ್ಳಿಕಾರ್ ಹೋರಿ ಕೊಡಿಸಬೇಡಿ. ಹಾರುವಾಗಲೂ ಅಪಾಯ, ಕರು ಹಾಕುವಾಗಲೂ ಅಪಾಯ, ಮೇಲಾಗಿ ಒಂದು ಒಳ್ಳೆಯ ತಳಿ ಬೆರಕೆಯಾಗುತ್ತದೆ.

ಬೀಜದ ಹೋರಿ ಎಷ್ಟೇ ಸಾಧುವಾದರೂ ಅದಕ್ಕೆ ಬೆನ್ನು ತಿರುಗಿಸಬಾರದು, ಮಕ್ಕಳ ಕೈಗೆ ಹಗ್ಗ ಕೊಡಬಾರದು. ಅಡ್ಡಲಾಗಿ ನಿಂತು ಮೈ ದೊಡ್ಡದು ಮಾಡಿ ತೋರಿಸುವುದು, ತಲೆ ತಗ್ಗಿಸಿ ಮಣ್ಣು ಕೆರೆಯುವುದು ಮೊದಲ ಎಚ್ಚರಿಕೆ. ಬಾಟಲಿ ಹಾಲು ಕುಡಿಸಿ ಬೆಳೆಸಿದ ತಬ್ಬಲಿ ಹೋರಿ ಇನ್ನೂ ಅಪಾಯ, ಅದಕ್ಕೆ ಮನುಷ್ಯರ ಭಯವೇ ಇರುವುದಿಲ್ಲ.

ಹಸುಗಳು ತಿರುಗಿ ಬೆದೆಗೆ ಬಂದರೆ

ಒಂದು ನೋಟ್‌ಬುಕ್ಕಿನಲ್ಲಿ ಹಸು, ಹಾರಿಸಿದ ದಿನ, ತಿರುಗಿ ಬೆದೆಗೆ ಬಂದ ದಿನ, ಮೂರು ತಿಂಗಳಿಗೆ ಗಬ್ಬದ ಪರೀಕ್ಷೆಯ ಫಲ ಬರೆದಿಡಿ. ದಿನಗಳ ಅಂತರವೇ ಕಾರಣ ಹೇಳುತ್ತದೆ. ಸರಿಯಾಗಿ 21 ದಿನದ ಸುಮಾರಿಗೆ ಹಸು ಮೇಲೆ ಹಸು ತಿರುಗಿ ಬೆದೆಗೆ ಬಂದರೆ ಗಬ್ಬ ಕಟ್ಟೇ ಇಲ್ಲ: ಹೋರಿಯ ವೀರ್ಯ ಪರೀಕ್ಷಿಸಿ. 30, 40, 50 ದಿನ ಎಂದು ಅಡ್ಡಾದಿಡ್ಡಿ ಬಂದರೆ ಕಟ್ಟಿದ ಗಬ್ಬ ಮೊದಲಿಗೇ ಕರಗುತ್ತಿದೆ: ಟ್ರೈಕೊಮೊನಾಸ್ ಅಥವಾ ಕ್ಯಾಂಪಿಲೊಬ್ಯಾಕ್ಟರ್ ಅನುಮಾನಿಸಿ, ಹೋರಿ ಬಿಡುವುದನ್ನು ಅಂದೇ ನಿಲ್ಲಿಸಿ. ಐದು ತಿಂಗಳ ನಂತರ ಕಂದು ಹಾಕಿದರೆ ಮೊದಲು ಬ್ರುಸೆಲ್ಲಾ ಅನುಮಾನಿಸಿ. ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳಕ್ಕೆ ಹೂಳಿ. ಹೂಳುವ ಮುಂಚೆ ಡಾಕ್ಟರಿಗೆ ತಿಳಿಸಿ, ಮಾದರಿ ತೆಗೆಯಬೇಕೆನ್ನಬಹುದು.

ಮೂರು ದಿನದ ಜ್ವರ, ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಬಂದು ಹೋದ ಹೋರಿ ವಾರದಲ್ಲೇ ಮೇವು ತಿನ್ನತೊಡಗುತ್ತದೆ, ವಾಸಿಯಾಯಿತೆಂದು ಹಾರಿಸುತ್ತಾರೆ. ಆದರೆ ಒಂದು ವೀರ್ಯಾಣು ಹುಟ್ಟಿ ಹೊರಬರಲು ಸುಮಾರು 70 ದಿನ ಬೇಕು. ಜ್ವರದ ಬಿಸಿಗೆ ಕೆಟ್ಟದ್ದು ಅಷ್ಟು ದಿನವೂ ಬರುತ್ತಲೇ ಇರುತ್ತದೆ. ಎರಡೂವರೆ ಮೂರು ತಿಂಗಳು ಬಿಟ್ಟು, ಸಾಧ್ಯವಾದರೆ ವೀರ್ಯ ಪರೀಕ್ಷಿಸಿ ಮುಂದುವರಿಸಿ. ಚರ್ಮಗಂಟಿನ ವೈರಾಣು ವೀರ್ಯದಲ್ಲೂ ಬರುತ್ತದೆ ಎಂಬುದು ನೆನಪಿರಲಿ.

ಎಷ್ಟು ವರ್ಷ ಇಟ್ಟುಕೊಳ್ಳುವುದು

ಮೂರು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಹೋರಿ ಬಿಟ್ಟ ಒಂಬತ್ತೂವರೆ ತಿಂಗಳಿಗೆ ಮೊದಲ ಕರು, ಅದು ಹೆಣ್ಣಾದರೆ ಎರಡು ಎರಡೂವರೆ ವರ್ಷಕ್ಕೆ ಬೆದೆ. ಅಲ್ಲಿಗೆ ಅಪ್ಪ ಮಂದೆಯಲ್ಲಿ ಇರಬಾರದು. ಅಪ್ಪ ಮಗಳ ಕೂಟದಲ್ಲಿ ಹುಟ್ಟುವ ಕರುವಿನ ಒಳತಳಿ ಪ್ರಮಾಣ ಶೇ 25; ಕರು ಸಣ್ಣದಾಗುತ್ತದೆ, ರೋಗಕ್ಕೆ ಸೋಲುತ್ತದೆ, ಮುಂದೆ ಗಬ್ಬ ನಿಲ್ಲುವುದೂ ತಡ. ಹೋರಿ ಚೆನ್ನಾಗಿದೆ, ಕರುಗಳೂ ಚೆನ್ನಾಗಿವೆ ಎಂದಾದರೆ ಹತ್ತಿಪ್ಪತ್ತು ಮೈಲಿ ದೂರದ ಊರಿನವರೊಂದಿಗೆ ಹೋರಿಗೆ ಹೋರಿ ಬದಲಿಸಿಕೊಳ್ಳಿ. ಬರುವ ಹೋರಿಗೂ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಆಗಬೇಕು. ಪರಿಚಯದವರು ಎಂದು ಬಿಡಬೇಡಿ.

ಬೀಜಕ್ಕೆ ಇಟ್ಟುಕೊಳ್ಳದ ಗಂಡುಕರುಗಳನ್ನು ಎರಡು ಹಲ್ಲಾಗುವುದರೊಳಗೆ ಡಾಕ್ಟರಿಂದ ಬರ್ಡಿಜೊ ಇಕ್ಕಳದಲ್ಲಿ ಬೀಜ ಒಡೆಸಿ. ಇಲ್ಲವಾದರೆ ಆರಿಸಿ ತಂದ ಹೋರಿಗಿಂತ ಮುಂಚೆ ಮೇಯುವ ಕಡೆ ಅವೇ ಹಾರಿರುತ್ತವೆ. ಒಡೆಸಿದ ಕೂಡಲೇ ಹಸುಗಳ ಜೊತೆ ಬಿಡಬೇಡಿ. ನಾಳದಲ್ಲಿ ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು, ಆರು ವಾರ ಬೇರೆ ಕಟ್ಟಿ. ಒಂದು ತಿಂಗಳ ಮೇಲೆ ಎರಡೂ ಕಡೆ ಮುಟ್ಟಿ ನೋಡಿ: ಬೀಜ ಕುಗ್ಗದೆ ಮೊದಲಿನಂತೆಯೇ ಇದ್ದರೆ ಇಕ್ಕಳ ನರಕ್ಕೆ ಬಿದ್ದಿಲ್ಲ, ಮತ್ತೊಮ್ಮೆ ಮಾಡಿಸಬೇಕು.